ಅಡಿಕೆ ಅಂಗಳದ ತ್ರೈರಾಶಿ

ಸಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರು ದಿನವೂ ಮನಸ್ಸಿನಲ್ಲೇ ಅನುಪಾತಗಳನ್ನು ಜೋಡಿಸುತ್ತಾರೆ. ಅದೇ ಮನೆಯ ಮಕ್ಕಳು ಶಾಲೆಯಲ್ಲಿ ಅದೇ ಲೆಕ್ಕ ಎದುರಾದರೆ ಪೆನ್ನು ಕಚ್ಚುತ್ತಾ ಕೂರುತ್ತಾರೆ. ತೊಡಕಿರುವುದು ಒಂದೇ ಕಡೆ, ನಡುವಿನ ಪದದಲ್ಲಿ. ಅದನ್ನು ಬಿಡಿಸಿಕೊಂಡರೆ ಪರೀಕ್ಷೆಯ ಅಂಕವೂ ಉಳಿಯುತ್ತದೆ, ಪೇಟೆಯಲ್ಲಿ ಹಣವೂ ಉಳಿಯುತ್ತದೆ.

ಉತ್ತರ ಕನ್ನಡದ ಘಟ್ಟದ ಮೇಲಿನ ಮನೆಗಳಿಗೆ ದಿನಪತ್ರಿಕೆ ಬಂದೊಡನೆ ಹಿರಿಯರು ಮೊದಲು ಹುಡುಕುವುದು ಪೇಟೆ ಧಾರಣೆಯನ್ನು. ಸಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಮೂರು ಪೇಟೆಗಳ ಹೆಸರು. ಅವುಗಳ ಕೆಳಗೆ ರಾಶಿ, ಚಾಲಿ, ಬೆಟ್ಟೆ, ಕೋಕಾ, ಕೆಂಪುಗೋಟು, ಬಿಳಿಗೋಟು ಎಂದು ಸಾಲು ಸಾಲು ಅಂಕೆಗಳು. ಇವನ್ನು ಓದಿದ ಯಜಮಾನರು ಒಂದು ನಿಮಿಷ ಸುಮ್ಮನೆ ಕೂರುತ್ತಾರೆ. ಆ ಒಂದು ನಿಮಿಷದಲ್ಲಿ ಅವರ ತಲೆಯಲ್ಲಿ ಒಂದು ಸರಪಣಿಯೇ ಓಡುತ್ತದೆ. ಮರಕ್ಕೆ ಎಷ್ಟು ಕೊನೆ, ಕೊನೆಗೆ ಎಷ್ಟು ಹಸಿ ಅಡಿಕೆ, ಹಸಿ ಅಡಿಕೆ ಒಣಗಿದರೆ ಎಷ್ಟು, ಒಣಗಿದ್ದಕ್ಕೆ ಎಷ್ಟು ರೂಪಾಯಿ, ಅದರಲ್ಲಿ ಕೂಲಿಗೆ ಹೋಗುವುದು ಎಷ್ಟು?

ಇದೆಲ್ಲ ಅನುಪಾತಗಳೇ. ಒಂದನ್ನು ಇನ್ನೊಂದಕ್ಕೆ ಪೋಣಿಸಿ, ಮೊದಲ ತುದಿಯಿಂದ ಕೊನೆಯ ತುದಿಗೆ ತಲುಪುವ ಕೆಲಸ. ಗಣಿತದ ಪುಸ್ತಕದಲ್ಲಿ ಇದಕ್ಕೆ ಸಂಯುಕ್ತ ಅನುಪಾತವೆಂದು ಹೆಸರು. ಹಳೆಯ ಕಾಲದ ಐಗಳ ಮಠದಲ್ಲಿ ತ್ರೈರಾಶಿ, ಪಂಚರಾಶಿ ಎನ್ನುತ್ತಿದ್ದರು. ಪೇಟೆಯಲ್ಲಿ 'ರಾಶಿ' ಎಂದರೆ ಹಸಿಯಾಗಿದ್ದಾಗಲೇ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿದ ಕೆಂಪಡಿಕೆ. ಗಣಿತದಲ್ಲಿ 'ರಾಶಿ' ಎಂದರೆ ಒಂದು ಪರಿಮಾಣ. ಮೂರು ರಾಶಿಗಳು ಗೊತ್ತಿದ್ದು ನಾಲ್ಕನೆಯದನ್ನು ಕಂಡುಹಿಡಿಯುವುದು ತ್ರೈರಾಶಿ. ಐದು ಗೊತ್ತಿದ್ದು ಆರನೆಯದನ್ನು ಹುಡುಕಿದರೆ ಪಂಚರಾಶಿ. ಎರಡು ಬಗೆಯ ರಾಶಿಯನ್ನೂ ಅರಿತವನು ಅಡಿಕೆ ವ್ಯವಹಾರದಲ್ಲಿ ಸೋಲುವುದು ಕಡಿಮೆ.

ಅನುಪಾತದ ಪಾಠ ಮಕ್ಕಳಿಗೆ ಪ್ರೌಢಶಾಲೆ ಮುಟ್ಟುವ ಮೊದಲೇ ಆಗಿರುತ್ತದೆ. 2:3 ಎಂದರೇನು ಎಂದು ಕೇಳಿದರೆ ಉತ್ತರಿಸುತ್ತಾರೆ. 100 ರೂಪಾಯಿಯನ್ನು 2:3ರಂತೆ ಹಂಚಲು ಹೇಳಿದರೂ ತಪ್ಪುವುದಿಲ್ಲ. ಆದರೆ ಎರಡು ಅನುಪಾತ ಕೊಟ್ಟು ಸೇರಿಸಿ ಎಂದರೆ ಅಲ್ಲಿ ನಿಲ್ಲುತ್ತಾರೆ.

ಮೂರು ಪಾಲು, ನಾಲ್ಕು ಪಾಲು

ಒಂದು ಲೆಕ್ಕ ನೋಡಿ. ಮೂವರು ಅಣ್ಣತಮ್ಮಂದಿರು. ಹಿರಿಯವನ ತೋಟ ಸಿರಸಿ ತಾಲೂಕಿನಲ್ಲಿ, ನಡುವಿನವನದು ಸಿದ್ದಾಪುರದಲ್ಲಿ, ಕಿರಿಯವನದು ಯಲ್ಲಾಪುರದಲ್ಲಿ. ಮೂವರ ಅಡಿಕೆಯೂ ಒಂದೇ ಹೆಸರಿನಲ್ಲಿ ಮಾರಾಟವಾಗಿದೆ, ಚೀಲಗಳು ಬೆರೆತು ಹೋಗಿವೆ. ಒಟ್ಟು 35 ಕ್ವಿಂಟಲ್. ಗೊತ್ತಿರುವ ಸಂಗತಿ ಎರಡೇ. ಸಿರಸಿಯ ಬೆಳೆಗೂ ಸಿದ್ದಾಪುರದ ಬೆಳೆಗೂ ಇರುವ ಅನುಪಾತ 2:3. ಸಿದ್ದಾಪುರದ ಬೆಳೆಗೂ ಯಲ್ಲಾಪುರದ ಬೆಳೆಗೂ ಇರುವ ಅನುಪಾತ 4:5. ಹಣ ಹಂಚುವುದು ಹೇಗೆ?

ತರಗತಿಯಲ್ಲಿ ಈ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವ ತಪ್ಪು ಉತ್ತರಗಳು ಎರಡು. ಕೆಲವರು ನಡುವಿನ 4ನ್ನು ಕೈಬಿಟ್ಟು 2:3:5 ಎಂದು ಬರೆಯುತ್ತಾರೆ. ಇನ್ನು ಕೆಲವರು ನಡುವಿನ 3 ಮತ್ತು 4ನ್ನು ಕೂಡಿಸಿ 2:7:5 ಎಂದು ಬರೆಯುತ್ತಾರೆ. ಎರಡಕ್ಕೂ ಕಾರಣ ಒಂದೇ. ಸಿದ್ದಾಪುರದ ತೋಟ ಒಂದೇ, ಅದರ ಬೆಳೆಯೂ ಒಂದೇ. ಆದರೆ ಮೊದಲ ಅನುಪಾತದಲ್ಲಿ ಅದನ್ನು 3 ಪಾಲಾಗಿ ಕತ್ತರಿಸಿದೆ, ಎರಡನೆಯದರಲ್ಲಿ 4 ಪಾಲಾಗಿ ಕತ್ತರಿಸಿದೆ. ಮೊದಲನೆಯದರ ಪಾಲು ದೊಡ್ಡದು, ಎರಡನೆಯದರ ಪಾಲು ಚಿಕ್ಕದು. ಬೇರೆ ಬೇರೆ ಗಾತ್ರದ ಪಾಲುಗಳನ್ನು ಒಂದೇ ಸಾಲಿನಲ್ಲಿ ಬರೆದರೆ ಲೆಕ್ಕ ಕೆಡದೆ ಇನ್ನೇನಾದೀತು?

ಪರಿಹಾರ ಸುಲಭ. ಸಿದ್ದಾಪುರದ ಬೆಳೆಯನ್ನು 3ಕ್ಕೂ 4ಕ್ಕೂ ಹೊಂದುವಂತೆ 12 ಪಾಲು ಮಾಡಿ. 12 ಎಂಬುದು 3 ಮತ್ತು 4ರ ಲಘುತಮ ಸಾಮಾನ್ಯ ಅಪವರ್ತ್ಯ, ಮಕ್ಕಳ ಬಾಯಲ್ಲಿ ಲ.ಸಾ.ಅ. ಈಗ 2:3 ಎಂಬುದು 8:12 ಆಯಿತು. 4:5 ಎಂಬುದು 12:15 ಆಯಿತು. ಎರಡರಲ್ಲೂ ಸಿದ್ದಾಪುರ 12. ಇನ್ನು ಜೋಡಿಸಬಹುದು. ಮೂವರ ಅನುಪಾತ 8:12:15. ಒಟ್ಟು 35 ಪಾಲು, 35 ಕ್ವಿಂಟಲ್. ಸಿರಸಿಗೆ 8, ಸಿದ್ದಾಪುರಕ್ಕೆ 12, ಯಲ್ಲಾಪುರಕ್ಕೆ 15 ಕ್ವಿಂಟಲ್.

2:3:5 ಎಂದು ಹಂಚಿದ್ದರೆ ಏನಾಗುತ್ತಿತ್ತು? ಸಿರಸಿಗೆ 7, ಸಿದ್ದಾಪುರಕ್ಕೆ 10.5, ಯಲ್ಲಾಪುರಕ್ಕೆ 17.5 ಕ್ವಿಂಟಲ್. ಕ್ವಿಂಟಲಿಗೆ 40,000 ರೂಪಾಯಿ ಎಂದು ಹಿಡಿದರೆ ಹಿರಿಯವನಿಗೆ 40,000, ನಡುವಿನವನಿಗೆ 60,000 ರೂಪಾಯಿ ಕಡಿಮೆ. ಕಿರಿಯವನಿಗೆ ಪೂರ್ತಿ ಒಂದು ಲಕ್ಷ ಹೆಚ್ಚು. ಯಾರೂ ಮೋಸ ಮಾಡಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಆದರೂ ಮನೆಯಲ್ಲಿ ಮನಸ್ತಾಪಕ್ಕೆ ಇಷ್ಟು ಸಾಕು. ಪರೀಕ್ಷೆಯಲ್ಲಿ ಎರಡು ಅಂಕ ಕಳೆಯುವ ತಪ್ಪು ಬದುಕಿನಲ್ಲಿ ಇಷ್ಟು ದುಬಾರಿಯಾಗುತ್ತದೆ.

ಕಾಳುಮೆಣಸು, ಅಕ್ಕಿ, ಉಪ್ಪು

ಈ ಬಗೆಯ ಲೆಕ್ಕ ಈ ಸೀಮೆಗೆ ಹೊಸದಲ್ಲ. ಘಟ್ಟದ ಮೇಲಿನ ಅಡಿಕೆ, ಕಾಳುಮೆಣಸು, ಏಲಕ್ಕಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುತ್ತಿತ್ತು. ಕರಾವಳಿಯ ಉಪ್ಪು, ತೆಂಗಿನಕಾಯಿ ಘಟ್ಟ ಹತ್ತಿ ಬರುತ್ತಿತ್ತು. ಕೈಯಲ್ಲಿ ನಾಣ್ಯ ಕಡಿಮೆ ಇದ್ದ ಕಾಲದಲ್ಲಿ ಸಾಮಾನಿಗೆ ಸಾಮಾನೇ ಬೆಲೆ.

ಮೂರು ಸೇರು ಮೆಣಸಿಗೆ ಎರಡು ಕೊಳಗ ಅಕ್ಕಿ ಎಂದಿಟ್ಟುಕೊಳ್ಳಿ. ಐದು ಕೊಳಗ ಅಕ್ಕಿಗೆ ನಾಲ್ಕು ಚೀಲ ಉಪ್ಪು. ಮೆಣಸು ತಂದವನಿಗೆ ಬೇಕಿರುವುದು ಅಕ್ಕಿಯಲ್ಲ, ಉಪ್ಪು. ಇಲ್ಲಿ ಅಕ್ಕಿ ನಡುವಿನ ಪದ. ಒಂದರಲ್ಲಿ 2, ಇನ್ನೊಂದರಲ್ಲಿ 5. ಎರಡನ್ನೂ 10ಕ್ಕೆ ತನ್ನಿ. 15 ಸೇರು ಮೆಣಸಿಗೆ 10 ಕೊಳಗ ಅಕ್ಕಿ, 10 ಕೊಳಗ ಅಕ್ಕಿಗೆ 8 ಚೀಲ ಉಪ್ಪು. ಅಕ್ಕಿ ತನ್ನ ಕೆಲಸ ಮುಗಿಸಿ ಹಿಂದೆ ಸರಿಯುತ್ತದೆ. ಉಳಿಯುವುದು 15 ಸೇರು ಮೆಣಸಿಗೆ 8 ಚೀಲ ಉಪ್ಪು.

ಇದನ್ನೇ ಭಿನ್ನರಾಶಿಯಲ್ಲಿ ಬರೆದರೆ ಮೂರರ ಕೆಳಗೆ ಎರಡು, ಗುಣಿಸು ಐದರ ಕೆಳಗೆ ನಾಲ್ಕು. ಮೇಲಿನವುಗಳ ಗುಣಲಬ್ಧ 15, ಕೆಳಗಿನವುಗಳದ್ದು 8. ಉತ್ತರ ಅದೇ ಬಂತು. ಅನುಪಾತಗಳನ್ನು ಜೋಡಿಸುವಾಗ ಕೂಡಿಸಬಾರದು, ಗುಣಿಸಬೇಕು ಎನ್ನುವ ನಿಯಮದ ಹಿಂದಿನ ಗುಟ್ಟು ಇಷ್ಟೇ. ಗುಣಾಕಾರ ಎಂದರೆ ನಡುವಿನ ಪದವನ್ನು ಒಂದೇ ಅಳತೆಗೆ ತಂದು ಹೊಡೆದುಹಾಕುವ ಚುಟುಕು ದಾರಿ.

ಹಿಂದೆ ತೊಡಕು ಇನ್ನೂ ಹೆಚ್ಚಿತ್ತು, ಅಳತೆಗಳೇ ಊರಿಗೊಂದು ತೆರ. ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕನನ್ 1801ರಲ್ಲಿ ಯಲ್ಲಾಪುರ, ಸೋಂದೆ, ಸಿರಸಿ, ಬನವಾಸಿಯ ದಾರಿಯಲ್ಲಿ ಬಂದಾಗ ಈ ಸೀಮೆಯ ಬೆಳೆಗಳ ಜೊತೆಗೆ ನಾಣ್ಯ, ತೂಕ, ಅಳತೆಗಳನ್ನೂ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಅವು ದಾಖಲಾಗಿವೆ. ಮುಂದೆ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ಪಕ್ಕದ ಸಾಗರ, ಸೊರಬ ಮೈಸೂರು ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಬಂದವು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇಪೈಸೆ ಬಂತು. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡದೆ ಆಗ ಪೇಟೆಗೆ ಹೋಗುವಂತಿರಲಿಲ್ಲ. ಆ ಹದಿನಾರರ ಲೆಕ್ಕ ಪೂರ್ತಿ ಮರೆಯಾಗಿಲ್ಲ. ಪಹಣಿ ಪತ್ರಿಕೆಯಲ್ಲಿ ಇಂದಿಗೂ ಎಕರೆ, ಗುಂಟೆ, ಆಣೆ ಎಂದೇ ಇದೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ.

ನೃಪತುಂಗನ ಕಾಲದ ಲೆಕ್ಕಿಗ

ಕನ್ನಡ ನಾಡಿನ ಮಟ್ಟಿಗೆ ಈ ವಿದ್ಯೆಗೆ ಸಾವಿರದ ಇನ್ನೂರು ವರ್ಷಗಳ ಹತ್ತಿರದ ಇತಿಹಾಸವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ 9ನೇ ಶತಮಾನದಲ್ಲಿ ಆಳಿದವನು. ಇಂದಿನ ಸಿರಸಿ ತಾಲೂಕಿನ ಬನವಾಸಿಯನ್ನು ಕೇಂದ್ರವಾಗಿ ಹೊಂದಿದ್ದ ಬನವಾಸಿ ಹನ್ನೆರಡು ಸಾವಿರ ಸೀಮೆಯನ್ನು ಅವನ ಪರವಾಗಿ ನೋಡಿಕೊಳ್ಳುತ್ತಿದ್ದವನು ಸೇನಾನಿ ಬಂಕೇಶ. ಅದೇ ದೊರೆಯನ್ನು ಹೊಗಳಿ ಗ್ರಂಥ ಆರಂಭಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯ. ಅವನ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ' ಸುಮಾರು ಕ್ರಿ.ಶ. 850ರದು. ಅದರಲ್ಲಿ ತ್ರೈರಾಶಿಕಕ್ಕೇ ಒಂದು ಅಧ್ಯಾಯ ಮೀಸಲು. ಪಂಚರಾಶಿ, ಸಪ್ತರಾಶಿ, ನವರಾಶಿಗಳ ಜೊತೆಗೆ ಸಾಮಾನಿಗೆ ಸಾಮಾನು ಬದಲಾಯಿಸುವ 'ಭಾಂಡಪ್ರತಿಭಾಂಡ'ದ ಲೆಕ್ಕವೂ ಅಲ್ಲಿದೆ. ಮೆಣಸು ಕೊಟ್ಟು ಉಪ್ಪು ತರುವುದು ಅದೇ ಜಾತಿಯ ಲೆಕ್ಕ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು.

ಮಹಾವೀರನಿಗಿಂತ ಮೊದಲೇ ಆರ್ಯಭಟ 499ರಲ್ಲಿ ತ್ರೈರಾಶಿಯ ನಿಯಮ ಹೇಳಿದ್ದ. ಬ್ರಹ್ಮಗುಪ್ತ 628ರಲ್ಲಿ ಅದನ್ನು ಹನ್ನೊಂದು ರಾಶಿಗಳವರೆಗೆ ವಿಸ್ತರಿಸಿದ್ದ. 12ನೇ ಶತಮಾನದ ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲೂ ಇದಕ್ಕೆ ದೊಡ್ಡ ಸ್ಥಾನ. ಅದೇ ಶತಮಾನದಲ್ಲಿ ರಾಜಾದಿತ್ಯ ಎಂಬ ಜೈನ ಕವಿ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ವ್ಯಾಪಾರ ಮಾಡುವವರಿಗೆ ಅವರ ನುಡಿಯಲ್ಲೇ ಲೆಕ್ಕ ಸಿಗಲಿ ಎನ್ನುವ ಕಾಳಜಿ ಅಂದೇ ಇತ್ತೆಂಬುದು ಗಮನಿಸಬೇಕಾದ ಮಾತು. ಅತ್ತ 11ನೇ ಶತಮಾನದಲ್ಲಿ ಅಲ್‌ಬಿರೂನಿ ಭಾರತದ ಈ ರಾಶಿಗಳ ಬಗ್ಗೆ ಅರಬ್ಬಿಯಲ್ಲಿ ಒಂದು ಪ್ರಬಂಧವನ್ನೇ ಬರೆದ. ಯುರೋಪಿನ ವರ್ತಕರು ಇದನ್ನು ಎಷ್ಟು ನೆಚ್ಚಿಕೊಂಡರೆಂದರೆ ಅದಕ್ಕೆ 'ಚಿನ್ನದ ನಿಯಮ' ಎಂದೇ ಹೆಸರಿಟ್ಟರು.

ಸುಲಿಯುವವರ ಪಂಚರಾಶಿ

ಹಳಬರ ಪಂಚರಾಶಿಯ ಕ್ರಮ ಎಷ್ಟು ಚೊಕ್ಕವೆಂದರೆ ಇಂದಿನ ಮಕ್ಕಳಿಗೂ ಅದನ್ನು ಹೇಳಿಕೊಡಬಹುದು. ಕೊನೆಕೊಯ್ಲಿನ ಕಾಲ. ಮೆಟ್ಟುಗತ್ತಿ ಹಿಡಿದು 8 ಜನ 6 ದಿನದಲ್ಲಿ 24 ಕ್ವಿಂಟಲ್ ಹಸಿ ಅಡಿಕೆ ಸುಲಿದರು. ಅದೇ ಚುರುಕಿನ 12 ಜನ 5 ದಿನ ಕೂತರೆ ಎಷ್ಟು ಸುಲಿಯುತ್ತಾರೆ?

ಎರಡು ಸಾಲು ಬರೆಯಿರಿ. ಎಡಗಡೆ 8, 6, 24. ಬಲಗಡೆ 12, 5, ಅದರ ಕೆಳಗೆ ಖಾಲಿ ಜಾಗ. 24 ಎನ್ನುವುದು 'ಫಲ'. ಅದನ್ನು ಎತ್ತಿ ಬಲಗಡೆಯ ಖಾಲಿ ಜಾಗಕ್ಕೆ ಹಾಕಿ. ಈಗ ಹೆಚ್ಚು ಅಂಕಿಗಳಿರುವ ಸಾಲನ್ನು ಗುಣಿಸಿ: 12, 5, 24ರ ಗುಣಲಬ್ಧ 1,440. ಕಡಿಮೆ ಇರುವ ಸಾಲನ್ನು ಗುಣಿಸಿ: 8, 6ರ ಗುಣಲಬ್ಧ 48. ಭಾಗಿಸಿದರೆ 30. ಅಂದರೆ 30 ಕ್ವಿಂಟಲ್.

ಯಂತ್ರದಂತೆ ಇಷ್ಟು ಮಾಡಿದರೆ ಉತ್ತರ ಬರುತ್ತದೆ, ಅರ್ಥ ಬರುವುದಿಲ್ಲ. ಅರ್ಥ ಹೀಗೆ. ಜನರ ಅನುಪಾತ 12:8, ದಿನಗಳ ಅನುಪಾತ 5:6. ಎರಡನ್ನೂ ಜೋಡಿಸಿದರೆ 60:48, ಎಂದರೆ 5:4. ಈ 60 ಮತ್ತು 48 ಬರಿಯ ಅಂಕಿಗಳಲ್ಲ, ಅವು 'ಆಳಿನ ದಿನ'ಗಳು. ಕೂಲಿ ಲೆಕ್ಕದ ವಹಿಯಲ್ಲಿ ಯಾವ ಮನೆಯೊಡತಿಯೂ 'ಇಷ್ಟು ಆಳು ಆಯಿತು' ಎಂದು ಬರೆಯುವುದು ಇದನ್ನೇ. 48 ಆಳಿಗೆ 24 ಕ್ವಿಂಟಲ್ ಆದರೆ 60 ಆಳಿಗೆ 30.

ಪ್ರಶ್ನೆ ತಿರುಗಿಸಿದರೆ ಎಚ್ಚರ ಬೇಕು. 30 ಕ್ವಿಂಟಲ್ ಸುಲಿಯಲು 10 ಜನರಿಗೆ ಎಷ್ಟು ದಿನ? ಇಲ್ಲಿ ಜನ ಹೆಚ್ಚಾದಂತೆ ದಿನ ಕಡಿಮೆಯಾಗುತ್ತದೆ. ಇದು ವಿಲೋಮ ಅನುಪಾತ. 60 ಆಳಿನ ಕೆಲಸವನ್ನು 10 ಜನಕ್ಕೆ ಹಂಚಿದರೆ 6 ದಿನ. ಅಡಿಕೆ ಹೆಚ್ಚಾದರೆ ದಿನ ಹೆಚ್ಚು, ಆಳು ಹೆಚ್ಚಾದರೆ ದಿನ ಕಡಿಮೆ. ಪೆನ್ನು ಎತ್ತುವ ಮೊದಲು ಈ ಎರಡು ಮಾತನ್ನು ಬಾಯಲ್ಲಿ ಹೇಳಿಕೊಂಡ ವಿದ್ಯಾರ್ಥಿಗೆ ಯಾವುದನ್ನು ಮೇಲೆ ಬರೆಯಬೇಕು, ಯಾವುದನ್ನು ಕೆಳಗೆ ಬರೆಯಬೇಕು ಎಂಬ ಗೊಂದಲ ಉಳಿಯುವುದಿಲ್ಲ.

ರಾಶಿಯೋ, ಚಾಲಿಯೋ?

ಈಗ ತೋಟಿಗನ ನಿಜವಾದ ಸಂಕಟಕ್ಕೆ ಬರೋಣ. ಕೊನೆಯನ್ನು ಹಸಿಯಾಗಿದ್ದಾಗಲೇ ಕೊಯ್ದು ರಾಶಿ ಮಾಡಬೇಕೋ, ಹಣ್ಣಾಗಲು ಬಿಟ್ಟು ಇಡಿಯಾಗಿ ಬಿಸಿಲಿಗೆ ಒಣಗಿಸಿ ಚಾಲಿ ಮಾಡಬೇಕೋ? ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. 100 ಕಿಲೋ ಹಸಿ ಅಡಿಕೆಗೆ 13 ಕಿಲೋ ರಾಶಿ. 100 ಕಿಲೋ ಹಣ್ಣಡಿಕೆಗೆ 20 ಕಿಲೋ ಚಾಲಿ. ರಾಶಿಗೆ ಕಿಲೋಗೆ 450 ರೂಪಾಯಿ, ಚಾಲಿಗೆ 360. ಪ್ರತಿ ಮನೆಯ ಅಂಕಿ ಬೇರೆ, ಪ್ರತಿ ವರ್ಷದ ಧಾರಣೆ ಬೇರೆ. ಲೆಕ್ಕದ ದಾರಿ ಮಾತ್ರ ಒಂದೇ.

ರಾಶಿಯಿಂದ 13 ಗುಣಿಸು 450, ಅಂದರೆ 5,850 ರೂಪಾಯಿ. ಚಾಲಿಯಿಂದ 20 ಗುಣಿಸು 360, ಅಂದರೆ 7,200. ಚಾಲಿಯೇ 1,350 ರೂಪಾಯಿ ಮುಂದೆ. ಇಷ್ಟಕ್ಕೇ ತೀರ್ಮಾನ ಮಾಡಬಹುದೇ?

ಇಲ್ಲೇ ನಡುವಿನ ಪದ ಮೋಸ ಮಾಡುವುದು. '100 ಕಿಲೋ ಹಸಿ' ಮತ್ತು '100 ಕಿಲೋ ಹಣ್ಣು' ನೋಡಲು ಒಂದೇ ಥರ ಕಂಡರೂ ಒಂದೇ ವಸ್ತುವಲ್ಲ. ಇಂದು 100 ಕಿಲೋ ತೂಗುವ ಕೊನೆಗಳನ್ನು ಮರದಲ್ಲೇ ಬಿಟ್ಟರೆ ಹಣ್ಣಾಗುವ ಹೊತ್ತಿಗೆ ಕೆಲವು ಉದುರುತ್ತವೆ, ಕೆಲವು ಮಂಗನ ಪಾಲಾಗುತ್ತವೆ, ಕಾಯಿಯ ತೂಕವೂ ಬದಲಾಗಿರುತ್ತದೆ. ಕೊನೆಗೆ ಅಂಗಳಕ್ಕೆ ಬಂದದ್ದು 85 ಕಿಲೋ ಹಣ್ಣು ಎಂದಿಟ್ಟುಕೊಳ್ಳಿ. ಆಗ ಸರಪಣಿಗೆ ಇನ್ನೊಂದು ಕೊಂಡಿ ಸೇರಿತು. ಹಸಿಗೂ ಹಣ್ಣಿಗೂ 100:85, ಹಣ್ಣಿಗೂ ಚಾಲಿಗೂ 100:20. ಎರಡನ್ನೂ ಜೋಡಿಸಿದರೆ ಹಸಿಗೂ ಚಾಲಿಗೂ 100:17. 17 ಗುಣಿಸು 360, ಅಂದರೆ 6,120 ರೂಪಾಯಿ. 1,350ರ ಅಂತರ 270ಕ್ಕೆ ಇಳಿಯಿತು. ಒಂದೂವರೆ ತಿಂಗಳು ಅಂಗಳದಲ್ಲಿ ಹರವಿ, ಮೋಡ ಕಂಡಾಗ ಓಡಿಹೋಗಿ ಮುಚ್ಚುವ ಚಾಲಿಯ ದುಡಿಮೆ ಒಂದು ಕಡೆ. ಬೇಯಿಸುವ ಕಟ್ಟಿಗೆ, ಹಸಿ ಸುಲಿಯುವ ಕೂಲಿ ಇನ್ನೊಂದು ಕಡೆ. ಇವೆಲ್ಲವನ್ನೂ ತಕ್ಕಡಿಗೆ ಹಾಕಿದ ಮೇಲೆಯೇ ತೀರ್ಮಾನ.

ಸಂಯುಕ್ತ ಅನುಪಾತ ಯಾವ ದಾರಿ ಲಾಭದ್ದು ಎಂದು ತಾನಾಗಿ ಹೇಳುವುದಿಲ್ಲ. ಯಾವ ಕೊಂಡಿ ಬಿಟ್ಟುಹೋಗಿದೆ ಎಂದು ಕೇಳುವ ಅಭ್ಯಾಸ ಕಲಿಸುತ್ತದೆ. ಎರಡು ಅನುಪಾತಗಳ ನಡುವೆ ನಿಂತಿರುವುದು ನಿಜವಾಗಿ ಒಂದೇ ವಸ್ತುವೇ ಎಂದು ಕೇಳದವನು ಗುಣಾಕಾರ ಎಷ್ಟೇ ಸರಿ ಮಾಡಿದರೂ ಉತ್ತರ ತಪ್ಪೇ.

ಮರದ ಪಾಲಿನ ಬೆಟ್ಟ

ಹಣಕ್ಕಿಂತ ದೊಡ್ಡ ಲೆಕ್ಕವೊಂದು ಈ ತಾಲೂಕುಗಳಲ್ಲಿದೆ. ಅದು ಸೊಪ್ಪಿನಬೆಟ್ಟದ್ದು. ತೋಟಕ್ಕೆ ಬೇಕಾದ ಹಸಿ ಸೊಪ್ಪು, ದರಕು ತರಲು ಬ್ರಿಟಿಷರ ಕಾಲದಿಂದ ತೋಟಿಗರಿಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬಂತು. ಘಟ್ಟದ ಮೇಲೆ ಸ್ಥೂಲವಾಗಿ ಒಂದು ಎಕರೆ ತೋಟಕ್ಕೆ ಎಂಟೊಂಬತ್ತು ಎಕರೆ ಬೆಟ್ಟ. ಒಂಬತ್ತೆಂದೇ ಹಿಡಿಯೋಣ.

ಒಂದು ಎಕರೆ ಎಂದರೆ 43,560 ಚದರಡಿ. ಒಂಬತ್ತು ಅಡಿಗೆ ಒಂದರಂತೆ ಮರ ನೆಟ್ಟರೆ ಪ್ರತಿ ಮರಕ್ಕೆ 81 ಚದರಡಿ. ಎಕರೆಗೆ ಸುಮಾರು 540 ಮರ. ಈಗ ಜೋಡಿಸಿ. ಬೆಟ್ಟಕ್ಕೂ ತೋಟಕ್ಕೂ 9 ಎಕರೆಗೆ 1 ಎಕರೆ, ತೋಟಕ್ಕೂ ಮರಕ್ಕೂ 1 ಎಕರೆಗೆ 540. ನಡುವಿನ ಪದ ಎರಡರಲ್ಲೂ ಒಂದು ಎಕರೆ ತೋಟವೇ. ಆದ್ದರಿಂದ 9 ಎಕರೆ ಬೆಟ್ಟಕ್ಕೆ 540 ಮರ, ಅಂದರೆ ಒಂದು ಎಕರೆ ಬೆಟ್ಟಕ್ಕೆ 60 ಮರ. ಒಂದೊಂದು ಮರದ ಪಾಲಿಗೆ 726 ಚದರಡಿ ಬೆಟ್ಟ. ಮರ ನಿಂತಿರುವುದು 81 ಚದರಡಿ ನೆಲದ ಮೇಲೆ, ಅದರ ಊಟ ಬರುವುದು 726 ಚದರಡಿ ಕಾಡಿನಿಂದ.

ಗದ್ದೆ ಕಡಿದು ತೋಟ ಮಾಡಿದವರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಬೇಕು. ತೋಟ ಎರಡರಷ್ಟಾಯಿತು, ಬೆಟ್ಟ ಇದ್ದಷ್ಟೇ ಉಳಿಯಿತು. 9:1 ಎಂಬುದು 4.5:1 ಆಯಿತು. ಮರದ ಪಾಲಿನ ಬೆಟ್ಟ 726ರಿಂದ 363 ಚದರಡಿಗೆ ಇಳಿಯಿತು. ಇದ್ದ ಬೆಟ್ಟದ ಮರಗಳನ್ನೇ ಎರಡು ಪಟ್ಟು ಸವರಿದರೆ ಬೆಟ್ಟ ಬೋಳಾಗುತ್ತದೆ. ಸವರದಿದ್ದರೆ ಗೊಬ್ಬರ ಕೊಂಡು ತರಬೇಕು. ಅನುಪಾತ ಇಲ್ಲಿ ಪುಸ್ತಕದ ಮಾತಲ್ಲ, ಊರಿನ ಹಿಂದಿನ ಕಾಡಿನ ಮಾತು.

ಒಂದಕ್ಕೆ ಒಂದು, ನೂರು

ಮಳೆಗಾಲ ಹತ್ತಿರವಾದಾಗ ಇನ್ನೊಂದು ಅನುಪಾತ ಎಲ್ಲರ ಬಾಯಲ್ಲೂ ಬರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ಡೆ 1885ರಲ್ಲಿ ಪ್ರಚುರಪಡಿಸಿದ ಔಷಧಿ ಇದು. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ವಿಸ್ತಾರವಾದ ವರದಿ ಬರೆದರು. ಬೋರ್ಡೋ ಸಿಂಪಡಣೆ ಮಲೆನಾಡಿನ ತೋಟಗಳಲ್ಲಿ ನೆಲೆಯೂರಲು ಅವರ ಕೆಲಸ ದೊಡ್ಡ ಕಾರಣ.

ತೋಟದಲ್ಲಿ 600 ಮರಗಳಿವೆ. 200 ಲೀಟರಿನ ಒಂದು ಬ್ಯಾರೆಲ್ 150 ಮರಕ್ಕೆ ಸಾಲುತ್ತದೆ ಎಂದಿಟ್ಟುಕೊಳ್ಳೋಣ. 600 ಮರಕ್ಕೆ 800 ಲೀಟರ್. 100 ಲೀಟರಿಗೆ ಒಂದು ಕಿಲೋ ಮೈಲುತುತ್ತವಾದರೆ 8 ಕಿಲೋ. ಸುಣ್ಣವೂ 8 ಕಿಲೋ. ಎರಡು ಅನುಪಾತಗಳನ್ನು ಜೋಡಿಸಿದ್ದು ಲೀಟರ್.

ಆದರೆ ದ್ರಾವಣ ಮಾಡುವಾಗ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ, ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು ರೂಢಿ. 'ಒಂದು ಕಿಲೋಗೆ 50 ಲೀಟರ್' ಎಂಬುದನ್ನೇ ನೆನಪಿಟ್ಟುಕೊಂಡು ಅಂಗಡಿಗೆ ಹೋದವನು 16 ಕಿಲೋ ಕೊಂಡು ಬರುತ್ತಾನೆ. ಅವನ 50 ಲೀಟರ್ ಮೈಲುತುತ್ತ ಕರಗಿಸಿದ ನೀರು, ಮರಕ್ಕೆ ಹೊಡೆಯುವ ದ್ರಾವಣವಲ್ಲ. ಮತ್ತೆ ಅದೇ ಕಥೆ: ಲೀಟರ್ ಎಂಬ ಹೆಸರು ಒಂದೇ, ವಸ್ತು ಬೇರೆ.

ಇಲ್ಲಿ ವಿಜ್ಞಾನದ ಒಂದು ಮಾತೂ ಇದೆ. ಸುಣ್ಣ ಹಳತಾಗಿದ್ದರೆ ತೂಕದಲ್ಲಿ 1:1 ಇದ್ದರೂ ಗುಣದಲ್ಲಿ ಇರುವುದಿಲ್ಲ. ಅದಕ್ಕೇ ಹಳೆಯ ಕೊನೆಗೌಡರು ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಕಾಗದದ ಅನುಪಾತವನ್ನು ಕಬ್ಬಿಣ ಪರೀಕ್ಷೆ ಮಾಡುತ್ತದೆ.

ಶೇಕಡಾ ಎಂಬ ವೇಷ

ಅನುಪಾತ ಕೆಲವೊಮ್ಮೆ ಶೇಕಡಾ ಎಂಬ ವೇಷ ಹಾಕಿಕೊಂಡು ಬರುತ್ತದೆ. ಅಡಿಕೆ ಧಾರಣೆ ಶೇ. 20 ಇಳಿಯಿತು, ಮುಂದಿನ ತಿಂಗಳು ಶೇ. 20 ಏರಿತು. ಮೊದಲಿನ ಬೆಲೆಗೇ ಬಂತಲ್ಲ ಎಂದು ಅನೇಕರು ಸಮಾಧಾನಪಡುತ್ತಾರೆ. 40,000 ರೂಪಾಯಿ ಶೇ. 20 ಇಳಿದರೆ 32,000. ಅದು ಶೇ. 20 ಏರಿದರೆ 38,400. ಇನ್ನೂ 1,600 ರೂಪಾಯಿ ಕಡಿಮೆ. 80ರ ಕೆಳಗೆ 100, ಗುಣಿಸು 120ರ ಕೆಳಗೆ 100, ಎಂದರೆ ನೂರಕ್ಕೆ 96. ಇಳಿದದ್ದು 40,000ದ ಶೇ. 20, ಏರಿದ್ದು 32,000ದ ಶೇ. 20. ನೂರರ ಹೆಸರು ಒಂದೇ, ನೂರು ಬೇರೆ ಬೇರೆ. ರಿಯಾಯಿತಿಯ ಮೇಲೆ ರಿಯಾಯಿತಿ ಎನ್ನುವ ಅಂಗಡಿಯ ಫಲಕವನ್ನೂ, ಬಡ್ಡಿಯ ಮೇಲಿನ ಬಡ್ಡಿಯನ್ನೂ ಹೀಗೆಯೇ ಗುಣಿಸಿ ನೋಡಬೇಕು, ಕೂಡಿಸಿ ಅಲ್ಲ.

ಕಲಿಸುವುದು ಮನೆಯಲ್ಲೇ

ಮಗುವಿಗೆ ಇದನ್ನು ಕಲಿಸಲು ಟ್ಯೂಷನ್ ಬೇಡ. ಅಂಗಳದ ಅಡಿಕೆ ಸಾಕು. ಒಂದೇ ಉದ್ದದ ಎರಡು ಅಡಿಕೆ ದಬ್ಬೆ ತೆಗೆದುಕೊಳ್ಳಿ. ಒಂದಕ್ಕೆ ಸುಣ್ಣದಿಂದ ಗೆರೆ ಎಳೆದು 3 ಸಮಪಾಲು ಮಾಡಿ, ಇನ್ನೊಂದಕ್ಕೆ 4 ಪಾಲು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪಾಲುಗಳು ಸಮವೇ ಎಂದು ಕೇಳಿ. ಇಲ್ಲ ಎಂದು ಮಗು ತಾನೇ ಹೇಳುತ್ತದೆ. ಇನ್ನು ಎರಡನ್ನೂ 12 ಪಾಲು ಮಾಡಲು ಹೇಳಿ. ಲ.ಸಾ.ಅ. ಏಕೆ ಬೇಕು ಎಂಬುದು ಹತ್ತು ನಿಮಿಷದಲ್ಲಿ ಕಣ್ಣಿಗೇ ಕಾಣುತ್ತದೆ.

ಆಮೇಲೆ ಮೂರು ಪ್ರಶ್ನೆಗಳನ್ನು ರೂಢಿ ಮಾಡಿಸಿ. ಎರಡೂ ಅನುಪಾತಗಳಲ್ಲಿ ಬರುವ ವಸ್ತು ಯಾವುದು? ಅದು ನಿಜವಾಗಿ ಒಂದೇ ವಸ್ತುವೇ? ಅದರ ಅಂಕಿ ಎರಡರಲ್ಲೂ ಒಂದೇ ಆಗಿದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದ ಮೇಲೆ ಜೋಡಿಸಬಹುದು. ಲೆಕ್ಕ ಮುಗಿದ ಮೇಲೆ ಹಿಂದಿರುಗಿ ತಾಳೆ ನೋಡುವುದನ್ನೂ ಕಲಿಸಿ. 8:12 ಎಂಬುದು 2:3 ಹೌದೇ, 12:15 ಎಂಬುದು 4:5 ಹೌದೇ ಎಂದು ನೋಡಲು ಅರ್ಧ ನಿಮಿಷ ಸಾಕು.

ಇನ್ನು ಮನೆಮಂದಿಯೆಲ್ಲ ಕೂಡಿ ಬಿಡಿಸಲು ಒಂದು ಲೆಕ್ಕ. ತೋಟವೊಂದರಲ್ಲಿ ಮೆಣಸಿನ ಬಳ್ಳಿಗೂ ಏಲಕ್ಕಿ ಗಿಡಕ್ಕೂ ಇರುವ ಅನುಪಾತ 3:4. ಏಲಕ್ಕಿ ಗಿಡಕ್ಕೂ ಬಾಳೆಗೂ ಇರುವ ಅನುಪಾತ 6:5. ಮೂರೂ ಸೇರಿ 620. ಯಾವುದು ಎಷ್ಟು?

ಉತ್ತರ: ಮೆಣಸಿನ ಬಳ್ಳಿ 180, ಏಲಕ್ಕಿ 240, ಬಾಳೆ 200. ನಡುವಿನ ಪದವನ್ನು 12ಕ್ಕೆ ತಂದಿದ್ದರೆ ನಿಮ್ಮ ಉತ್ತರವೂ ಇದೇ ಆಗಿರುತ್ತದೆ.